ಎರಡೂ ಕಡೆ ಪ್ಲಗ್ ಇರುವ ಆ ವೈರನ್ನು ಮೊದಲು ಕತ್ತರಿಸಿ

ಮಳೆಗಾಲ ಹಿಡಿದರೆ ಸಾಕು, ಮಲೆನಾಡು ಕರಾವಳಿಯಿಂದ ಒಂದೇ ಪ್ರಶ್ನೆ ವರ್ಷವರ್ಷವೂ ಬರುತ್ತದೆ. ಈ ಸಲ ಅದಕ್ಕೇ ಹೆಚ್ಚು ಜಾಗ. ಉಳಿದವರು ಬೇಸರಿಸಬೇಡಿ.

ಪ್ರಶ್ನೆ: ಗಾಳಿಮಳೆಗೆ ಮರ ಬಿದ್ದು ನಾಲ್ಕು ದಿನದಿಂದ ಕರೆಂಟಿಲ್ಲ. ಸಣ್ಣ ಪೆಟ್ರೋಲ್ ಜನರೇಟರ್ ತಂದಿದ್ದೇವೆ. ಎರಡೂ ತುದಿಗೆ ಪ್ಲಗ್ ಹಾಕಿದ ವೈರಿನಿಂದ ಹಾಲ್‌ನ ಸಾಕೆಟ್ಟಿಗೆ ಕೊಟ್ಟರೆ ಇಡೀ ಮನೆಗೆ ಕರೆಂಟ್ ಬರುತ್ತದೆ ಎನ್ನುತ್ತಾನೆ ನಮ್ಮ ವೈರಿಂಗ್ ಹುಡುಗ. ಮೈನ್ ಆಫ್ ಮಾಡಿದರೆ ಸಾಕಲ್ಲವೇ?

ಉತ್ತರ: ಸಾಲದು. ಆ ಹುಡುಗನನ್ನು ಇನ್ನು ಮನೆಯೊಳಗೆ ಬಿಡಬೇಡಿ.

ಜನರೇಟರಿನ 230 ವೋಲ್ಟ್ ನಿಮ್ಮ ಮೀಟರ್ ದಾಟಿ ಕಂಬಕ್ಕೆ ಹೋದರೆ ಅಲ್ಲಿಗೇ ನಿಲ್ಲುವುದಿಲ್ಲ. ಊರಿನ ಟಿಸಿ (ಟ್ರಾನ್ಸ್‌ಫಾರ್ಮರ್) 11 ಸಾವಿರ ವೋಲ್ಟನ್ನು ಮನೆಗೆ ಬೇಕಾದಷ್ಟಕ್ಕೆ ಇಳಿಸುತ್ತದಲ್ಲ, ಹಿಂದಿನಿಂದ ಕೊಟ್ಟರೆ ಅದೇ ಟಿಸಿ ಹತ್ತು-ಹನ್ನೊಂದು ಸಾವಿರಕ್ಕೆ ಏರಿಸುತ್ತದೆ. ಅತ್ತ ಲೈನ್‌ಮ್ಯಾನ್ ಸಬ್‌ಸ್ಟೇಷನ್ನಿನಿಂದ ಎಲ್‌ಸಿ (ಲೈನ್ ಬಂದ್ ಮಾಡಿಸಿ ಪಡೆದ ಅನುಮತಿ) ತೆಗೆದುಕೊಂಡು ಕಂಬ ಹತ್ತಿರುತ್ತಾನೆ. ಸಬ್‌ಸ್ಟೇಷನ್ನಿನ ಪುಸ್ತಕದಲ್ಲಿ ನಿಮ್ಮ ಜನರೇಟರಿನ ಹೆಸರಿಲ್ಲ.

‘ಊರಿಗೆಲ್ಲ ಕರೆಂಟ್ ಕೊಡುವಷ್ಟು ತಾಕತ್ತು ಅದಕ್ಕೆಲ್ಲಿದೆ, ಲೋಡಿಗೆ ತಾನೇ ಆಫ್ ಆಗುತ್ತದೆ’ ಎಂದು ವಾದಿಸುವವರೂ ಇದ್ದಾರೆ. ಲೈನ್ ಸರಿಯಿದ್ದಾಗ ಅದು ಬಹುಮಟ್ಟಿಗೆ ನಿಜ. ಆದರೆ ಮರ ಬಿದ್ದು ತಂತಿ ತುಂಡಾದಾಗ ನಿಮ್ಮ ಕಡೆಯ ತುಂಡಿನಲ್ಲಿ ಎರಡೇ ಮನೆ ಉಳಿದಿರಬಹುದು, ಅವುಗಳಲ್ಲೊಂದು ಬೀಗ ಹಾಕಿದ ಮನೆ. ಲೋಡೇ ಇಲ್ಲದ ಆ ತುಂಡಿಗೆ ಕರೆಂಟ್ ಕೊಡುವುದು ಸಣ್ಣ ಜನರೇಟರಿಗೂ ಭಾರವಲ್ಲ. ಅದು ಸದ್ದು ಕೂಡ ಬದಲಿಸದೆ ಓಡುತ್ತಿರುತ್ತದೆ. ಲೈನ್‌ಮ್ಯಾನ್ ಕೈ ಹಾಕುವುದೂ ಅದೇ ತುಂಡಿಗೆ. ಕೆಲಸಕ್ಕೆ ಮೊದಲು ಅವನು ಲೈನನ್ನು ನೆಲಕ್ಕೆ ಜೋಡಿಸಿ ಅರ್ಥ್ ಕೊಡಬೇಕು, ಹೌದು. ರಾತ್ರಿಯಿಡೀ ಮಳೆಯಲ್ಲಿ ಕಂಬ ನಿಲ್ಲಿಸಿದವನು ಒಮ್ಮೆ ಅದನ್ನು ಮರೆತರೆ ಅದಕ್ಕೆ ಮರಣದಂಡನೆಯೇ?

ಇನ್ನು ನಿಮ್ಮ ಮೈನ್. ಎಷ್ಟೋ ಹಳೆ ಮನೆಗಳಲ್ಲಿ ಅದು ಫೇಸನ್ನಷ್ಟೇ ಕಡಿಯುತ್ತದೆ, ನ್ಯೂಟ್ರಲ್ ಹೊರಗಿನ ಲೈನಿಗೆ ಅಂಟಿಕೊಂಡೇ ಉಳಿಯುತ್ತದೆ. ಎರಡನ್ನೂ ಕಡಿದರೂ, ಬೀದಿ ದೀಪ ಹೊತ್ತಿದ್ದು ಕಂಡು ‘ಕರೆಂಟ್ ಬಂತು’ ಎಂದು ಯಾರೋ ಓಡಿಹೋಗಿ ಮೈನ್ ಎತ್ತುತ್ತಾರೆ. ಆಗ ಜನರೇಟರ್ ಸುಡುತ್ತದೆ. ಪ್ಲಗ್ ಸ್ವಲ್ಪ ಜಾರಿದರೆ ಅದರ ಹಿತ್ತಾಳೆ ಪಿನ್ನಿನಲ್ಲೇ 230 ವೋಲ್ಟ್. ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ. ಅದರ ಮೇಲೆ, ಒಂದು ಸಾಕೆಟ್ಟಿಗೆಂದು ಎಳೆದ ಸಣ್ಣ ವೈರು ಮನೆಯಷ್ಟೂ ಲೋಡನ್ನು ಹೊರಬೇಕು.

ಮಾಡಬೇಕಾದ್ದು ಇಷ್ಟೆ: ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಹಿಡಿ ಒಂದೇ ಇರುವುದರಿಂದ ಲೈನೂ ಜನರೇಟರೂ ಒಟ್ಟಿಗೆ ಸೇರಲು ಸಾಧ್ಯವೇ ಇಲ್ಲ. ಸಿಂಗಲ್ ಫೇಸಿಗೆ ಎರಡು ಪೋಲ್, ಅಂದರೆ ಒಮ್ಮೆಗೇ ಎರಡು ತಂತಿ ಬದಲಿಸುವಂಥದ್ದು; ತ್ರೀ ಫೇಸಿಗೆ ನಾಲ್ಕು. ನ್ಯೂಟ್ರಲ್ ಕೂಡ ಬದಲಾಗಲೇಬೇಕು. ಜನರೇಟರಿಗೆ ಕೊಟ್ಟ ದುಡ್ಡಿನ ಮುಂದೆ ಅದರ ಬೆಲೆ ಚಿಲ್ಲರೆ. ಹಾಕಿಸುವ ತನಕ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಫ್ರಿಜ್ಜಿಗೋ ಮಿಕ್ಸಿಗೋ ನೇರ ಕೊಡಿ, ಗೋಡೆಯ ಸಾಕೆಟ್ಟಿನ ತಂಟೆಗೆ ಹೋಗಬೇಡಿ.

ಪ್ರಶ್ನೆ: ಮಳೆ ಎರಚಲು ಹೊಡೆಯುತ್ತದೆಂದು ಜನರೇಟರನ್ನು ಜಗಲಿಯ ಒಳಗಿಟ್ಟು ಕಿಟಕಿ ತೆರೆದರೆ ಆಗದೇ?

ಉತ್ತರ: ಆಗದು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವಾಗುವುದಿಲ್ಲ. ಅಂಗಳದಾಚೆ, ಮಾಡಿನ ಕೆಳಗೆ, ನಾಲ್ಕೂ ಕಡೆ ಗಾಳಿಯಾಡುವಲ್ಲಿ, ಹೊಗೆ ಕೊಳವೆ ಮನೆಗೆ ಬೆನ್ನು ಹಾಕಿರಲಿ.

ಪ್ರಶ್ನೆ: ಇನ್ವರ್ಟರಿನ 12 ವೋಲ್ಟಿನ, 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ?

ಉತ್ತರ: ಲೆಕ್ಕಕ್ಕೆ 1,800 ವ್ಯಾಟ್ ಅವರ್; ಕೈಗೆ ಸಿಗುವುದು ಸುಮಾರು 1,200 ಎಂದಿಟ್ಟುಕೊಳ್ಳಿ. 9 ವ್ಯಾಟಿನ ನಾಲ್ಕು ಬಲ್ಬು, 75 ವ್ಯಾಟಿನ ಒಂದು ಹಳೆ ಫ್ಯಾನಿಗೆ ಹೆಚ್ಚೆಂದರೆ 11 ಗಂಟೆ. ಫ್ಯಾನ್ ಬಿಎಲ್‌ಡಿಸಿ (ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆ) ಆಗಿದ್ದರೆ 18ರ ತನಕ ಎಳೆಯಬಹುದು. ಟಿವಿ ಧಾರಾವಾಹಿ ನಿಮ್ಮಿಷ್ಟ.

ಪ್ರಶ್ನೆ: ಬ್ಯಾಟರಿ ಇಳಿದಿದೆ, ಆ್ಯಸಿಡ್ ಹಾಕಿದರೆ ಏರುತ್ತದೆ ಎಂದರು ಅಂಗಡಿಯವರು.

ಉತ್ತರ: ಏರುವುದು ಅವರ ವ್ಯಾಪಾರ. ಮಟ್ಟ ಇಳಿದಿದ್ದರೆ ಡಿಸ್ಟಿಲ್ಡ್ ನೀರು ಹಾಕಿ.

ಪ್ರಶ್ನೆ: ಚಾವಣಿ ತುಂಬಾ ಸೋಲಾರ್ ಇದೆ, ಬಿಸಿಲೂ ಇದೆ. ಆದರೂ ಕರೆಂಟ್ ಹೋದಾಗ ಆಫ್ ಯಾಕೆ?

ಉತ್ತರ: ಮೇಲೆ ಹೇಳಿದ ಲೈನ್‌ಮ್ಯಾನ್ ಬದುಕಬೇಕೆಂದೇ. ಗ್ರಿಡ್ಡಿಗೆ ಸೇರಿದ ಇನ್ವರ್ಟರ್ ಲೈನ್ ಸತ್ತೊಡನೆ ತಾನೂ ನಿಲ್ಲಬೇಕು. ಅದನ್ನು ‘ಬೈಪಾಸ್’ ಮಾಡಿಕೊಡುತ್ತೇನೆಂದವನಿಗೆ ಗೇಟು ತೋರಿಸಿ. ಕರೆಂಟಿಲ್ಲದಾಗಲೂ ಬೇಕೆಂದರೆ ಬ್ಯಾಟರಿಯಿರುವ ಹೈಬ್ರಿಡ್ ಇನ್ವರ್ಟರ್ ಹಾಕಿಸಬೇಕು.

ಪ್ರಶ್ನೆ: ತೋಟದಲ್ಲಿ ತಂತಿ ಬಿದ್ದಿದೆ. ಹೇಗೂ ಕರೆಂಟಿಲ್ಲ, ಬಿದಿರಿನ ದೋಟಿಯಿಂದ ಬದಿಗೆ ಸರಿಸಬಹುದೇ?

ಉತ್ತರ: ಒದ್ದೆ ಬಿದಿರೂ ಕರೆಂಟ್ ಹರಿಸುತ್ತದೆ. ಜನ, ದನ ಯಾರನ್ನೂ ಹತ್ತಿರ ಬಿಡದೆ ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಕರೆಂಟಿಲ್ಲ ಎಂದಿರಲ್ಲ, ಪಕ್ಕದ ಮನೆಯವರು ಜನರೇಟರನ್ನು ಹೇಗೆ ಜೋಡಿಸಿದ್ದಾರೆ ಎಂದು ನೋಡಿದ್ದೀರಾ?

ಪ್ರಶ್ನೆ: ಫ್ರಿಜ್ಜಿನಲ್ಲಿಟ್ಟ ಇನ್ಸುಲಿನ್ ಕೆಡುತ್ತದೆಯೇ?

ಉತ್ತರ: ಡಾಕ್ಟರನ್ನು ಕೇಳಿ, ಇವತ್ತೇ ಕೇಳಿ. ನನ್ನದು ವೈರಿನ ಕೆಲಸ.