ಮಗನ ಸಾವನ್ನು ದೇವರ ಶಿಕ್ಷೆ ಅನ್ನುವ ಅಮ್ಮನಿಗೆ ಏನು ಹೇಳಲಿ?

ಕಾರವಾರದ ಕಡಲಲ್ಲಿ ನಿಮ್ಮ ತಮ್ಮ ತೀರಿಹೋದ ಮೇಲೆ ಅಮ್ಮ ಚರ್ಚಿನ ಬಲಿಪೂಜೆಗೆ (ಮಾಸ್) ಹೋಗುತ್ತಿಲ್ಲ, 'ನನ್ನ ಪಾಪಕ್ಕೆ ಶಿಕ್ಷೆ' ಅನ್ನುತ್ತಾರೆ ಎಂದಿದ್ದೀರಿ. ಅವರ ನಂಬಿಕೆ ಹೋದಂತಿಲ್ಲ. ಪಾಪದ ಲೆಕ್ಕ ಇಟ್ಟು ವಸೂಲಿ ಮಾಡುವ ದೇವರನ್ನು ನಂಬಿದ್ದಾರೆ, ತೊಡಕು ಬಹುಶಃ ಅಲ್ಲಿದೆ.

ಮೊದಲು ವಾದ ಬೇಡ. 'ಎಲ್ಲಾ ದೇವರ ಚಿತ್ತ' ಅನ್ನಲೂ ಬೇಡಿ, ಅದು ಅವರ ಕಿವಿಗೆ 'ದೇವರೇ ಕೊಂದ' ಎಂದು ಕೇಳಿಸುತ್ತದೆ. ಬೈಬಲಿನಲ್ಲಿ ಮಕ್ಕಳನ್ನೂ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಸುಮ್ಮನೆ ಪಕ್ಕದಲ್ಲಿ ಕೂತರು. ಬಾಯಿ ತೆರೆದು 'ನಿನ್ನ ಪಾಪ' ಅಂದ ಮೇಲೆ ಎಲ್ಲ ಕೆಟ್ಟಿತು. ಕೊನೆಗೆ ದೇವರ ಕೋಪ ಉರಿದದ್ದು ಅವರ ಮೇಲೆ.

ಆಮೇಲೆ ರಾತ್ರಿ ತೇರ್ಸ್ (ಮನೆಯ ಜಪಮಾಲೆ ಪ್ರಾರ್ಥನೆ) ಹೊತ್ತಿಗೆ ಬೈಬಲಿನ 13ನೇ ಕೀರ್ತನೆ ಓದಿ, ಕೊಂಕಣಿಯಲ್ಲಾದರೆ ಇನ್ನೂ ಒಳ್ಳೆಯದು. ಆರೇ ವಚನ, ಮೊದಲೆರಡರಲ್ಲೇ 'ಎಷ್ಟರವರೆಗೆ' ಎಂಬ ಕೂಗು ನಾಲ್ಕು ಸಲ ಇದೆ. ದೇವರೆದುರು ಅಳಬಹುದು, ಜಗಳವಾಡಬಹುದು ಎಂದು ಅವರಿಗೆ ತಿಳಿಯಲಿ.

ಅವರೇ ಮಾತೆತ್ತಿದ ದಿನ ಯೋಹಾನನ ಸುವಾರ್ತೆಯ 9:3 ತೋರಿಸಿ. ಹುಟ್ಟುಕುರುಡನ ಬಗ್ಗೆ ಯೇಸು, ಇವನ ಪಾಪವೂ ಅಲ್ಲ, ತಂದೆತಾಯಿಯ ಪಾಪವೂ ಅಲ್ಲ ಎಂದರು. 'ಹಾಗಾದರೆ ಯಾಕೆ?' ಎಂದರೆ ಉತ್ತರ ಕಟ್ಟಬೇಡಿ. ಯೋಬನಿಗೂ ಕಾರಣ ಹೇಳಲಿಲ್ಲ.

ಎರಡು ವಾರಕ್ಕೂ ಮೇಲೆ ಊಟ, ನಿದ್ದೆ ಬಿಟ್ಟಿದ್ದರೆ ಪಾದ್ರಿಗಳ ಜೊತೆ ವೈದ್ಯರಿಗೂ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಉಚಿತ.