ಕೈ ಸರಿಸಿದ್ರೆ ಅವ್ರಿಗೆ ಏನ್ ಅರ್ಥ ಆಗುತ್ತೆ?

ಪ್ರಶ್ನೆ: ಮೇಡಂ, ನಂಗೆ 34 ವರ್ಷ, ಎರಡನೇ ಹೆರಿಗೆ ಆಗಿ ಒಂದು ವರ್ಷ ಆಯ್ತು. ತುಂಬಾ ದಪ್ಪ ಆಗಿದೀನಿ, ಹೊಟ್ಟೆ ಜೋತು ಬಿದ್ದಿದೆ, ಸ್ಟ್ರೆಚ್ ಮಾರ್ಕ್ಸ್ ಬೇರೆ. ಗಂಡ ಹತ್ರ ಬಂದ್ರೆ ಮೊದ್ಲು ಲೈಟ್ ಆಫ್ ಮಾಡ್ತೀನಿ, ಆದ್ರೂ ಕೈ ಹೊಟ್ಟೆ ಮೇಲೆ ಬಂತು ಅಂದ್ರೆ ಸರಿಸಿಬಿಡ್ತೀನಿ. "ಚೆನ್ನಾಗೇ ಇದೀಯಲ್ಲ" ಅಂತಾರೆ, ಸುಮ್ನೆ ಸಮಾಧಾನಕ್ಕೆ ಹೇಳ್ತಾರೆ ಅನ್ಸುತ್ತೆ. ಈಗೀಗ ಅವ್ರೂ ಹತ್ರ ಬರೋದು ಕಮ್ಮಿ ಮಾಡಿದಾರೆ. ತೂಕ ಇಳಿಸಿದ್ರೆ ಎಲ್ಲಾ ಸರಿ ಹೋಗುತ್ತಾ?

ಉತ್ತರ: ತೂಕ ಇಳಿಸೋದು ಬಿಡೋದು ನಿಮ್ಮಿಷ್ಟ ಕಣಮ್ಮ, ಆದ್ರೆ ಇದಕ್ಕೆ ಅದೇ ಮದ್ದು ಅಂತ ನಾನಂತೂ ಹೇಳಲ್ಲ. ಸ್ಲಿಮ್ ಆಗಿರೋರೂ ಇದೇ ಕಂಪ್ಲೇಂಟ್ ಹೇಳ್ಕೊಂಡು ಬರ್ತಾರೆ.

ಆ ಹೊತ್ತಲ್ಲಿ ನಿಮ್ಮ ಮನಸ್ಸು ಎಲ್ಲಿರುತ್ತೆ ಅಂತ ಸ್ವಲ್ಪ ಯೋಚ್ನೆ ಮಾಡಿ, ಹೊಟ್ಟೆ ಹೇಗ್ ಕಾಣ್ತಿದೆ, ಹೀಗೆ ತಿರುಗಿದ್ರೆ ಮಡಿಕೆ ಬೀಳುತ್ತಾ, ಅವ್ರಿಗೆ ಗೊತ್ತಾಯ್ತಾ ಅಂತ ಹೊರಗಡೆ ನಿಂತು ನಿಮ್ಮನ್ನ ನೀವೇ ನೋಡ್ಕೊಂಡ್ ಇರ್ತೀರಿ, ಹಂಗಿದ್ಮೇಲೆ ಸುಖ ಎಲ್ಲಿಂದ ಬರ್ಬೇಕು? 1970ರಲ್ಲೇ ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ ಇದಕ್ಕೆ 'ಸ್ಪೆಕ್ಟೇಟರಿಂಗ್' ಅಂತ ಹೆಸರಿಟ್ಟಿದ್ರು, ಪ್ರೇಕ್ಷಕರಾಗಿ ಕೂರೋದು ಅಂತ. ಗಂಡಸ್ರಿಗೂ ಇದು ಇದ್ದೇ ಇದೆ, ಬಾಯಿ ಬಿಡಲ್ಲ ಅಷ್ಟೆ.

ಅವ್ರು ದೂರ ಆಗಿರೋದಕ್ಕೆ ನಿಮ್ಮ ಹೊಟ್ಟೆನೇ ಕಾರಣ ಅಂತ ನೀವೇ ತೀರ್ಮಾನ ಮಾಡ್ಕೊಂಡಿದೀರಿ, ಕೇಳಿಲ್ಲ. ನೀವು ಕೈ ಸರಿಸಿದಾಗ 'ಇವಳಿಗೆ ನಾನು ಬೇಡ' ಅಂತ ಅವ್ರು ಅಂದ್ಕೊಂಡಿದ್ರೆ? ಕತ್ತಲಲ್ಲಿ ಅಲ್ಲ, ಬೆಳಕಲ್ಲಿ ಆರಾಮಾಗಿ ಕೂತಿದ್ದಾಗ ಹೇಳಿ: ನೀವು ಬೇಡ ಅಂತ ಅಲ್ಲ, ನಂಗೇ ನನ್ನ ಮೈ ನೋಡ್ಕೊಳಕ್ಕೆ ಆಗ್ತಿಲ್ಲ ಅಂತ.

ಅದೇ ಮಾಸ್ಟರ್ಸ್-ಜಾನ್ಸನ್ ಕೊಟ್ಟ ಒಂದು ಅಭ್ಯಾಸ ಇವತ್ತಿಗೂ ಥೆರಪಿಸ್ಟ್‌ಗಳು ಮಾಡಿಸ್ತಾರೆ. ಕೆಲವು ದಿನ ಸೆಕ್ಸ್ ಬೇಡವೇ ಬೇಡ ಅಂತ ಇಬ್ರೂ ಒಪ್ಕೊಂಡು, ಸರದಿ ಮೇಲೆ ಬರೀ ಮುಟ್ಟೋದು, ಬೆನ್ನು, ತೋಳು, ಕೂದ್ಲು, ಮೊಲೆ ಜನನಾಂಗ ಸದ್ಯಕ್ಕೆ ಬಿಟ್ಟು. ಗಮನ ಚರ್ಮಕ್ಕೆ ಏನ್ ಗೊತ್ತಾಗ್ತಿದೆ ಅನ್ನೋದ್ರ ಮೇಲಿರಲಿ, ಬಿಸಿನಾ, ತಣ್ಣಗಾ, ಒರಟಾ. ಮನಸ್ಸು ಮತ್ತೆ ಹೊಟ್ಟೆ ಕಡೆ ಓಡುತ್ತೆ, ಓಡ್ಲಿ, ವಾಪಸ್ ಕರ್ಕೊಂಡ್ ಬನ್ನಿ. ಹೊಟ್ಟೆ ಮುಟ್ಟೋದು ಯಾವಾಗ ಅಂತ ನೀವೇ ಹೇಳಿ, ಬೇಕಾದ್ರೆ ಅವ್ರ ಕೈ ನೀವೇ ಹಿಡ್ಕೊಂಡು ಇಡಿ.

ಇನ್ನೊಂದು, ಮಗುಗೆ ಇನ್ನೂ ಹಾಲು ಕೊಡ್ತಿದೀರಾ? ಆಗ ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಕಮ್ಮಿ ಇರುತ್ತೆ, ಯೋನಿ ಒಣಗಿದಂಗೆ ಆಗಿ ನೋವಾಗಬಹುದು, ಆಸೆನೂ ಕುಗ್ಗಬಹುದು. ಅದನ್ನೂ ಹೊಟ್ಟೆ ತಲೆಗೆ ಕಟ್ಟಬೇಡಿ, ಲೇಡಿ ಡಾಕ್ಟರ್ ಹತ್ರ ಒಂದ್ಸಲ ಹೋಗ್ಬನ್ನಿ, ಲೂಬ್ರಿಕಂಟ್ (ಒಣಗಿದಂಗೆ ಆಗದೇ ಇರಕ್ಕೆ ಹಚ್ಚೋ ಜೆಲ್) ಬಗ್ಗೆ ಕೇಳಕ್ಕೆ ನಾಚ್ಕೋಬೇಡಿ.