ಕಾಲು ಕಳೆದುಕೊಂಡವರಿಗೆ ಸರ್ವೀಸ್ ನಾಯಿ: ಅನುಕೂಲವಾ, ಹೊರೆಯಾ?

ನಿಮ್ಮ ಅಣ್ಣನಿಗೆ ಮೂರು ತಿಂಗಳ ಹಿಂದೆ ಮೊಣಕಾಲಿನ ಕೆಳಗೆ ಕಾಲು ತೆಗೆದಿದ್ದಾರೆ, ಸರ್ವೀಸ್ ನಾಯಿ (ಅಂಗವಿಕಲರ ದಿನನಿತ್ಯದ ಕೆಲಸಕ್ಕೆ ನೆರವಾಗಲು ತರಬೇತಿ ಪಡೆದ ನಾಯಿ) ತಂದರೆ ಅನುಕೂಲವಾ ಅಥವಾ ಅವನ ತಲೆಗೆ ಇನ್ನೊಂದು ಹೊರೆಯಾ ಅಂತ ಕೇಳಿದ್ದೀರಿ. ಎರಡೂ ಹೌದು. ನನಗೂ ಎಡಗಾಲು ಮೊಣಕಾಲಿನ ಕೆಳಗಿಲ್ಲ. ಆರು ವರ್ಷವಾಯಿತು. ಅದರಲ್ಲಿ ನಾಲ್ಕು ವರ್ಷದಿಂದ ಚುಕ್ಕಿ ಜೊತೆಗಿದ್ದಾಳೆ. ಲ್ಯಾಬ್ರಡಾರ್.

ಮೊದಲು ರಾತ್ರಿಯ ವಿಷಯ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಿದ್ದೆಗಣ್ಣಿನಲ್ಲಿ ಕಾಲು ಇಲ್ಲ ಅನ್ನುವುದೇ ಮರೆತುಹೋಗುತ್ತದೆ. ಇಲ್ಲದ ಪಾದ ತುರಿಸುತ್ತದೆ, ಉರಿಯುತ್ತದೆ, ಅಂದರೆ ಮೆದುಳಿನ ಲೆಕ್ಕದಲ್ಲಿ ಅದು ಇನ್ನೂ ಅಲ್ಲೇ ಇದೆ. ಒಂದು ರಾತ್ರಿ ಬಾತ್‌ರೂಮಿಗೆ ಅಂತ ಎದ್ದು ಎಡಗಾಲು ಊರಿದೆ. ನೆಲ ಸಿಗಲಿಲ್ಲ. ಸ್ಟಂಪಿನ ಮೇಲೇ, ಅಂದರೆ ಕತ್ತರಿಸಿ ಉಳಿದ ಕಾಲಿನ ತುದಿಯ ಮೇಲೇ ಬಿದ್ದೆ. ನೋವಿಗಿಂತ ಜಾಸ್ತಿ ಕಾಡಿದ್ದು ಬೇರೆ. ಹೆಂಡತಿ ಆ ರಾತ್ರಿ ಆಗಲೇ ಎರಡು ಸಲ ಎದ್ದಿದ್ದಳು. ಮತ್ತೆ ಕರೆಯಲು ಮನಸ್ಸಾಗದೆ ಸುಮ್ನೆ ನೆಲದ ಮೇಲೆ ಮಲಗಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ.

ಈಗ ಚುಕ್ಕಿ ಮಂಚದ ಎಡಗಡೆ ಮಲಗುತ್ತಾಳೆ. ನಾನು ಎದ್ದು ಕೂತರೆ ಸಾಕು, ಬಂದು ನನ್ನ ಎಡತೊಡೆಯ ಮೇಲೆ ತಲೆ ಊರಿ ನಿಲ್ಲುತ್ತಾಳೆ. ನಾನು ಊರುಗೋಲು ಹಿಡಿಯುವ ತನಕ ಅಲ್ಲಾಡುವುದಿಲ್ಲ. ಅಷ್ಟು ಭಾರ ಬಿದ್ದರೆ ಎಂಥ ನಿದ್ದೆಯಲ್ಲೂ ನೆನಪಾಗುತ್ತದೆ. ಬಿದ್ದೇ ಬಿಟ್ಟರೆ ಮೊಬೈಲ್ ತಂದುಕೊಡುವುದನ್ನೂ, ಒಳಗೆ ಹೋಗಿ ಬೊಗಳಿ ಮನೆಯವರನ್ನು ಎಬ್ಬಿಸುವುದನ್ನೂ ಕಲಿಸಿದ್ದಾರೆ.

ಹಗಲಿನ ಕೆಲಸ ನೋಡಲು ಚಿಕ್ಕದು. ಕೃತಕ ಪಾದ ನಮ್ಮ ಪಾದದ ಹಾಗೆ ಬಾಗುವುದಿಲ್ಲ, ಹಾಗಾಗಿ ನೆಲಕ್ಕೆ ಬಿದ್ದ ಬೀಗದ ಕೈ ಎತ್ತುವುದೂ ಒಂದು ಸಾಹಸ. ಅವಳು ಎತ್ತಿ ಕೈಗೇ ಕೊಡುತ್ತಾಳೆ. ಎಟಿಎಂ ಕಾರ್ಡ್ ಮಾತ್ರ ಅವಳಿಗೂ ಕಷ್ಟ. ಮುಂಗಾಲಿನಿಂದ ಎಳೆದು ಎಳೆದು, ಕೊನೆಗೆ ಅಂಚು ಹಲ್ಲಿಗೆ ಸಿಕ್ಕಾಗ ಬಾಲ ಬೀಸುವುದು ನೋಡಬೇಕು. ಕಾರ್ಡ್ ತುಂಬ ಜೊಲ್ಲು, ಬಿಡಿ. ಊರುಗೋಲು ಎಳೆದು ತರುತ್ತಾಳೆ, ಹಗ್ಗ ಕಟ್ಟಿದ ಬಾಗಿಲು ತೆಗೆಯುತ್ತಾಳೆ. ಇದೆಲ್ಲ ಮನೆಯವರೂ ಮಾಡುತ್ತಿದ್ದರು. ಆದರೆ ದಿನಕ್ಕೆ ಇಪ್ಪತ್ತು ಸಲ "ಸ್ವಲ್ಪ ಅದು ಕೊಡ್ತೀಯಾ" ಅನ್ನುವುದು ಮನುಷ್ಯನನ್ನು ಕುಗ್ಗಿಸುತ್ತದೆ. ನನಗೆ ಚುಕ್ಕಿಯಿಂದ ತಪ್ಪಿದ್ದು ಅದು.

ನಡೆಯುವಾಗ ಅವಳ ಬೆನ್ನಿನ ಪಟ್ಟಿಗೆ ಗಟ್ಟಿ ಹಿಡಿಕೆ ಇರುತ್ತದೆ. ತೂಕ ತಪ್ಪಿದಾಗ ಒಂದು ಕ್ಷಣ ಹಿಡಿದು ಸರಿಯಾಗಲು ಅಷ್ಟೇ. ಮೈಭಾರವನ್ನೆಲ್ಲ ಹಾಕಿ ಏಳಬಾರದು, ನಾಯಿಯ ಬೆನ್ನು ಅದಕ್ಕಿಲ್ಲ. ಇಂಥ ಕೆಲಸಕ್ಕೆ ನಾಯಿ ದೊಡ್ಡದಿರಬೇಕು, ಮೂಳೆ ಬಲಿತಿರಬೇಕು, ಸೊಂಟ ಮತ್ತು ಮುಂಗಾಲ ಕೀಲಿನ ಎಕ್ಸ್‌ರೇ ಆಗಿರಬೇಕು. ಎರಡು ವರ್ಷ ತುಂಬದ ಮರಿಯ ಮೇಲೆ ಆಸರೆಗೆ ಕೈ ಊರುವುದು ಅನ್ಯಾಯ.

ಇಲ್ಲದ ಕಾಲಿನ ನೋವನ್ನು ನಾಯಿ ವಾಸಿ ಮಾಡುವುದಿಲ್ಲ. ಅದಕ್ಕೆ ಡಾಕ್ಟರೇ ಬೇಕು. ನೋವು ಬಂದಾಗ ಚುಕ್ಕಿ ತೊಡೆಯ ಮೇಲೆ ಒರಗುತ್ತಾಳೆ, ನನ್ನ ಗಮನ ಅತ್ತ ಹೋಗುತ್ತದೆ, ಅಷ್ಟು ಮಾತ್ರ.

ಇನ್ನು ಹೊರೆ. ಸ್ಟಂಪ್ ಊದಿಕೊಂಡು ಕೃತಕ ಕಾಲು ಹಾಕಲಾಗದ ದಿನವೂ ಅವಳನ್ನು ಹೊರಗೆ ಕರೆದೊಯ್ಯಬೇಕು. ಆ ಒತ್ತಾಯದಿಂದಲೇ ನಾನು ನಡೆಯುವುದು ಕಲಿತೆ ಅನ್ನುವುದೂ ನಿಜ, ಆದರೂ ಎಲ್ಲ ದಿನ ಹಾಗೆ ಅನ್ನಿಸುವುದಿಲ್ಲ. ಅವಳ ಒಂದು ಕೂದಲು ಲೈನರ್ (ಕೃತಕ ಕಾಲು ಹಾಕುವ ಮೊದಲು ಸ್ಟಂಪಿಗೆ ತೊಡಿಸುವ ಮೆತ್ತನೆಯ ಕವಚ) ಒಳಗೆ ಸೇರಿದರೂ ಸಂಜೆಗೆ ಚರ್ಮ ಕೆಂಪು. ಮೊದಲ ತಿಂಗಳಲ್ಲೇ ಒಂದು ಲೈನರ್ ಅಗಿದು ಹಾಕಿದಳು, ತರಬೇತಿ ಆದ ನಾಯಿಯಾದರೂ! ಗಾಯ ಪೂರ್ತಿ ಮಾಗುವ ತನಕ ನೆಕ್ಕಲು ಬಿಡಲೇಬೇಡಿ, ನಾಯಿಯ ಜೊಲ್ಲಿನಿಂದ ಕೆಟ್ಟ ಸೋಂಕು ತಗಲಬಹುದು.

ಅಣ್ಣನಿಗೆ ಮೂರೇ ತಿಂಗಳು ಅಂದಿರಲ್ಲ, ಅವಸರ ಬೇಡ. ಮೊದಲ ವರ್ಷ ಸ್ಟಂಪ್ ಕರಗುತ್ತಲೇ ಇರುತ್ತದೆ, ಸಾಕೆಟ್ (ಕೃತಕ ಕಾಲಿನಲ್ಲಿ ಸ್ಟಂಪ್ ಕೂರುವ ಭಾಗ) ಸಡಿಲವಾಗುತ್ತದೆ, ನಡಿಗೆಯೇ ಬದಲಾಗುತ್ತದೆ. ನಾಯಿ ಯಾವ ಬದಿಗೆ ನಿಲ್ಲಬೇಕು, ಹಿಡಿಕೆ ಎಷ್ಟು ಎತ್ತರ ಇರಬೇಕು ಅನ್ನುವುದು ನಡಿಗೆ ಒಂದು ಹದಕ್ಕೆ ಬಂದ ಮೇಲೇ ಗೊತ್ತಾಗುವುದು. ನಾಯಿ ತಯಾರಾಗಲೂ ಸುಮಾರು ಎರಡು ವರ್ಷ ಹಿಡಿಯುತ್ತದೆ, ಹಾಗಾಗಿ ವಿಚಾರಿಸಿ ಹೆಸರು ಬರೆಸುವುದನ್ನು ಈಗಲೇ ಮಾಡಿ.

ಒಂದು ಕೆಲಸ ಇವತ್ತೇ ಶುರು ಮಾಡಬಹುದು. ಯಾವುದಕ್ಕೆಲ್ಲ ಬೇರೆಯವರನ್ನು ಕರೆಯಬೇಕಾಯಿತು ಅಂತ ಅಣ್ಣ ಒಂದು ವಾರ ಬರೆದಿಡಲಿ. ನೀವಲ್ಲ, ಅವರೇ ಬರೆಯಬೇಕು. ತರಬೇತಿ ಕೊಡುವವರು ಅದನ್ನೇ ಕೇಳುತ್ತಾರೆ. ನಾನು ಬರೆದಿದ್ದರಲ್ಲಿ ಮೊದಲನೆಯದು, ಸೋಫಾ ಕೆಳಗೆ ಹೋದ ಟಿವಿ ರಿಮೋಟ್.